ಹೆಬ್ಬೆಟ್ಟಿಗೂ ಒಂದು ಬೀಗ: ಆಧಾರ್ ಬಯೋಮೆಟ್ರಿಕ್ ಲಾಕ್ ಮಾಡುವ ಬಗೆ

ಗೃಹಲಕ್ಷ್ಮಿಯ 2,000 ರೂಪಾಯಿ ಜಮಾ ಆಯಿತೆಂಬ ಸುದ್ದಿ ಹಬ್ಬಿದರೆ ಸಾಕು, ಸಿಂಧನೂರು, ಕಾರಟಗಿ, ಸಿರುಗುಪ್ಪ ಸೀಮೆಯ ಹಳ್ಳಿಗಳಲ್ಲಿ ಹೆಬ್ಬೆಟ್ಟು ಒತ್ತಿಸಿಕೊಂಡು ದುಡ್ಡು ಕೊಡುವ ಅಂಗಡಿಗಳ ಮುಂದೆ ಸಾಲು ಹತ್ತುತ್ತದೆ. ಹೆಣ್ಣುಮಕ್ಕಳಿಗೆ ಬಸ್ಸು ಉಚಿತವಿದ್ದರೂ ಬ್ಯಾಂಕಿಗೆ ಹೋಗಿ ಬಂದರೆ ಒಂದು ದಿನದ ಕೂಲಿ ಹೋಗುತ್ತದೆ. ಊರಲ್ಲೇ ಹಣ ಸಿಗುವುದು ಬಡವರಿಗೆ ನಿಜವಾದ ಅನುಕೂಲ. ಅದನ್ನು ಬಿಟ್ಟುಬಿಡಿ ಎಂದು ಇಲ್ಲಿ ಹೇಳುತ್ತಿಲ್ಲ. ಅದರಲ್ಲಿರುವ ಒಂದು ಕಂಡಿಯನ್ನು ಮುಚ್ಚಿಕೊಳ್ಳುವುದು ಹೇಗೆ ಎಂಬುದಷ್ಟೇ ಇಲ್ಲಿನ ವಿಷಯ.

ಈ ವ್ಯವಸ್ಥೆಯನ್ನು ಎಇಪಿಎಸ್, ಅಂದರೆ ಆಧಾರ್ ಮೂಲಕ ಹಣ ಪಾವತಿ ವ್ಯವಸ್ಥೆ, ಎನ್ನುತ್ತಾರೆ. ಹಣ ತೆಗೆಯಲು ಬೇಕಾದದ್ದು ಮೂರೇ: ಆಧಾರ್ ಸಂಖ್ಯೆ, ಬ್ಯಾಂಕಿನ ಹೆಸರು, ಬೆರಳಚ್ಚು. ಎಟಿಎಂ ಕಾರ್ಡ್ ಬೇಡ, ಪಿನ್ ಬೇಡ, ಒಟಿಪಿಯೂ ಬೇಡ. ಒಂದು ಸಲಕ್ಕೆ 10,000 ರೂಪಾಯಿವರೆಗೆ ತೆಗೆಯಬಹುದು. ಆಧಾರ್ ಸಂಖ್ಯೆ ಝೆರಾಕ್ಸ್ ಅಂಗಡಿಯಿಂದ ಹಿಡಿದು ಲಾಡ್ಜಿನ ರಿಜಿಸ್ಟರ್‌ವರೆಗೆ ಎಲ್ಲೆಂದರಲ್ಲಿ ಬಿದ್ದಿರುತ್ತದೆ. ಬೆರಳಚ್ಚಿನ ಕಥೆಯೂ ಅಷ್ಟೇ. ಜಮೀನು ನೋಂದಣಿ ಪತ್ರಗಳಲ್ಲಿದ್ದ ಹೆಬ್ಬೆಟ್ಟಿನ ಗುರುತನ್ನು ನಕಲು ಮಾಡಿ ಖಾತೆಗಳಿಂದ ಹಣ ತೆಗೆದ ಪ್ರಕರಣಗಳು 2023ರಲ್ಲಿ ನಮ್ಮ ರಾಜ್ಯದಲ್ಲೇ ಬೆಳಕಿಗೆ ಬಂದವು. ಪಿನ್ ಬೇರೆಯವರ ಪಾಲಾದರೆ ಬದಲಾಯಿಸಬಹುದು. ಬೆರಳು ಬದಲಾಯಿಸಲು ಬರುವುದಿಲ್ಲ. ಹಾಗಾಗಿ ಅದಕ್ಕೆ ಬೀಗ ಹಾಕುವುದೊಂದೇ ದಾರಿ. ಆ ಬೀಗವನ್ನು ಆಧಾರ್ ಕೊಡುವ ಪ್ರಾಧಿಕಾರವಾದ ಯುಐಡಿಎಐ ಉಚಿತವಾಗಿಯೇ ಕೊಟ್ಟಿದೆ.

ಮೊದಲು ಮೊಬೈಲ್ ನಂಬರ್ ನೋಡಿಕೊಳ್ಳಿ

ಬೀಗ ಹಾಕಲೂ ತೆಗೆಯಲೂ ಒಟಿಪಿ ಬೇಕು. ಅದು ಆಧಾರ್‌ಗೆ ಜೋಡಣೆಯಾದ ನಂಬರಿಗೆ ಮಾತ್ರ ಬರುತ್ತದೆ. ನಮ್ಮ ಭಾಗದಲ್ಲಿ ಹೆಚ್ಚಿನವರ ಕೆಲಸ ನಿಲ್ಲುವುದು ಇಲ್ಲೇ. ದೇವದುರ್ಗ, ಲಿಂಗಸುಗೂರು ಕಡೆಯಿಂದ ಬೆಂಗಳೂರಿಗೆ ಕಟ್ಟಡ ಕೆಲಸಕ್ಕೆ ಹೋದವರು ಅಲ್ಲಿ ಹೊಸ ಸಿಮ್ ಕೊಳ್ಳುತ್ತಾರೆ. ರೀಚಾರ್ಜ್ ಇಲ್ಲದೆ ಹಳೆಯದು ಬಂದ್ ಆಗುತ್ತದೆ. ಬಂದ್ ಆದ ನಂಬರನ್ನು ಕಂಪನಿಗಳು 90 ದಿನ ಕಳೆದ ಮೇಲೆ ಬೇರೆಯವರಿಗೆ ಕೊಡಬಹುದು. ಆಗ ನಿಮ್ಮ ಒಟಿಪಿ ಗೊತ್ತಿಲ್ಲದವರ ಕೈಗೆ ಹೋಗುತ್ತದೆ. ಆಧಾರ್ ಮಾಡಿಸುವಾಗ ಮನೆಯಲ್ಲಿ ಫೋನ್ ಇಲ್ಲದೆ ಅಕ್ಕಪಕ್ಕದವರ ನಂಬರ್ ಕೊಟ್ಟವರೂ ಬಹಳ ಜನ.

ಯಾವ ನಂಬರ್ ಇದೆ ಎಂದು ತಿಳಿಯಲು ಒಟಿಪಿ ಬೇಕಿಲ್ಲ. ಮೈಆಧಾರ್ ವೆಬ್‌ಸೈಟ್ ತೆರೆದು, ಲಾಗಿನ್ ಆಗದೆಯೇ, 'ಆಧಾರ್ ಸಿಂಧುತ್ವ ಪರಿಶೀಲನೆ' ಎಂಬಲ್ಲಿ 12 ಅಂಕಿ ಮತ್ತು ಪರದೆಯ ಮೇಲಿನ ಅಕ್ಷರಗಳನ್ನು ತುಂಬಿ. ನಿಮ್ಮ ವಯಸ್ಸಿನ ಗುಂಪು, ರಾಜ್ಯದ ಜೊತೆಗೆ ಮೊಬೈಲ್ ನಂಬರಿನ ಕೊನೆಯ 3 ಅಂಕಿ ಕಾಣುತ್ತವೆ. ಅವು ನಿಮ್ಮವಲ್ಲದಿದ್ದರೆ ಅಥವಾ ನಂಬರೇ ಇಲ್ಲದಿದ್ದರೆ ಆಧಾರ್ ಸೇವಾ ಕೇಂದ್ರಕ್ಕೆ ಹೋಗಿ ಬದಲಿಸಿ. ದಾಖಲೆ ಬೇಕಿಲ್ಲ, ನೀವು ಖುದ್ದಾಗಿ ಹೋಗಿ ಬೆರಳು ಒತ್ತಬೇಕು. 2025ರ ಅಕ್ಟೋಬರ್‌ನಿಂದ ಇದರ ಶುಲ್ಕ 75 ರೂಪಾಯಿ. ಹೆಚ್ಚು ಕೇಳಿದರೆ ರಸೀದಿ ಕೊಡಿ ಎನ್ನಿ. ಫಾರಂನಲ್ಲಿ ಬರೆದ ನಂಬರ್ ನಿಮ್ಮದೇ ಹೌದೇ ಎಂದು ರಸೀದಿ ಕೈಗೆ ಬಂದ ಕೂಡಲೇ, ಅಲ್ಲೇ ನಿಂತು ಓದಿ ನೋಡಿ.

ಬೀಗ ಹಾಕುವ ಹೆಜ್ಜೆಗಳು

1. ಬ್ರೌಸರ್‌ನಲ್ಲಿ ಮೈಆಧಾರ್ ಡಾಟ್ ಯುಐಡಿಎಐ ಡಾಟ್ ಗವ್ ಡಾಟ್ ಇನ್ (myaadhaar.uidai.gov.in) ಎಂದು ನೀವೇ ಟೈಪ್ ಮಾಡಿ. ವಾಟ್ಸ್‌ಆ್ಯಪ್‌ನಲ್ಲಿ ಬಂದ ಲಿಂಕ್ ಒತ್ತಬೇಡಿ. ವಿಳಾಸದ ಕೊನೆಗೆ 'ಗವ್ ಡಾಟ್ ಇನ್' ಇಲ್ಲದಿದ್ದರೆ ಅದು ಅಸಲಿ ಮೈಆಧಾರ್ ಅಲ್ಲ. ಭಾಷೆಯಲ್ಲಿ ಕನ್ನಡ ಆರಿಸಿಕೊಳ್ಳಬಹುದು.

2. ಆಧಾರ್ ಸಂಖ್ಯೆ, ಪರದೆಯ ಅಕ್ಷರ, ನಂತರ ಮೊಬೈಲಿಗೆ ಬಂದ 6 ಅಂಕಿಯ ಒಟಿಪಿ ಕೊಟ್ಟು ಲಾಗಿನ್ ಆಗಿ.

3. 'ಬಯೋಮೆಟ್ರಿಕ್ ಲಾಕ್/ಅನ್‌ಲಾಕ್' ಎಂಬ ಚೌಕ ಒತ್ತಿ. ಲಾಕ್ ಆದ ಮೇಲೆ ಬೆರಳಿನಿಂದ ದೃಢೀಕರಣ ನಡೆಯುವುದಿಲ್ಲ ಎಂಬ ಸೂಚನೆ ಬರುತ್ತದೆ. ಒಪ್ಪಿಗೆಯ ಪೆಟ್ಟಿಗೆಗೆ ಟಿಕ್ ಹಾಕಿ ಮುಂದುವರಿಯಿರಿ.

4. ಲಾಕ್ ಆಯಿತೆಂಬ ಸಂದೇಶ ಬಂದ ಮೇಲೆ ಲಾಗ್‌ಔಟ್ ಮಾಡಿ. ಸೈಬರ್ ಸೆಂಟರ್‌ನಲ್ಲಿ ಮಾಡಿದ್ದರೆ ಇದನ್ನು ಮರೆಯಲೇಬಾರದು.

ಈಗ ಬೆರಳು, ಕಣ್ಣಿನ ಪಾಪೆ, ಮುಖ ಮೂರಕ್ಕೂ ಬೀಗ ಬಿತ್ತು. ಯಾರಾದರೂ ನಿಮ್ಮ ಬೆರಳಚ್ಚಿನ ನಕಲು ಇಟ್ಟರೆ ಯುಐಡಿಎಐ 330 ಎಂಬ ದೋಷ ಸಂಖ್ಯೆ ಕೊಟ್ಟು ತಿರಸ್ಕರಿಸುತ್ತದೆ. ಒಟಿಪಿಯಿಂದ ಆಗುವ ಕೆಲಸಗಳಿಗೆ ಅಡ್ಡಿಯಿಲ್ಲ. ಗೃಹಲಕ್ಷ್ಮಿ, ಪಿಂಚಣಿ, ಬೆಳೆ ಪರಿಹಾರ ಖಾತೆಗೆ ಬರುವುದೂ ನಿಲ್ಲುವುದಿಲ್ಲ. ಹಣ ಒಳಗೆ ಬರಲು ನಿಮ್ಮ ಬೆರಳು ಬೇಡ, ಹೊರಗೆ ಹೋಗಲು ಮಾತ್ರ ಬೇಕು. 'ಲಾಕ್ ಮಾಡಿದರೆ ಸರ್ಕಾರದ ದುಡ್ಡು ಬಂದ್ ಆಗುತ್ತದೆ' ಎಂಬ ಮಾತನ್ನು ನಂಬಬೇಡಿ.

ಅದೇ ಪುಟದಲ್ಲಿ 'ಆಧಾರ್ ಲಾಕ್' ಎಂಬ ಇನ್ನೊಂದು ಚೌಕ ಇರುತ್ತದೆ. ಅದು ಬೇರೆ. ಅದು ಸಂಖ್ಯೆಗೇ ಹಾಕುವ ಬೀಗ. ಹಾಕಿದರೆ 12 ಅಂಕಿಯಿಂದ ಯಾವ ದೃಢೀಕರಣವೂ ನಡೆಯುವುದಿಲ್ಲ, ತೆಗೆಯಲು ಆಧಾರ್ ಸಂಖ್ಯೆಗೆ ಬದಲಾಗಿ ಬಳಸುವ 16 ಅಂಕಿಯ ವಿಐಡಿ (ವರ್ಚುವಲ್ ಐಡಿ) ಬೇಕಾಗುತ್ತದೆ. ವಿಐಡಿ ಬರೆದಿಟ್ಟುಕೊಂಡು ಬಳಸುವ ಅಭ್ಯಾಸ ಇಲ್ಲದವರು ಅದನ್ನು ಮುಟ್ಟದಿರುವುದೇ ಲೇಸು.

ರೇಷನ್ ಅಂಗಡಿಯಲ್ಲಿ ಏನು ಮಾಡುವುದು?

ಲಾಕ್ ಮಾಡಿದವರು ಸಿಕ್ಕಿಬೀಳುವುದು ಇಲ್ಲಿ. ನ್ಯಾಯಬೆಲೆ ಅಂಗಡಿಯ ಯಂತ್ರವೂ ಅದೇ ಬೆರಳಚ್ಚು ಕೇಳುತ್ತದೆ. ಅಂಗಡಿಗೆ ಹೋಗುವ ಮುನ್ನ ಮತ್ತೆ ಲಾಗಿನ್ ಆಗಿ 'ತಾತ್ಕಾಲಿಕ ಅನ್‌ಲಾಕ್' ಆರಿಸಿದರೆ 10 ನಿಮಿಷ ಬೀಗ ತೆರೆದಿರುತ್ತದೆ, ಆಮೇಲೆ ತಾನಾಗಿ ಬೀಳುತ್ತದೆ. ಆದರೆ ಮನೆಯಿಂದ ಹೊರಡುವಾಗಲೇ ತೆಗೆದರೆ ಸಾಲಿನಲ್ಲಿ ನಿಂತಿರುವಾಗಲೇ ಹೊತ್ತು ಮುಗಿಯುತ್ತದೆ. ಮುಂದೆ ಇಬ್ಬರು ಉಳಿದಾಗ ತೆಗೆಯಿರಿ. ಊರಲ್ಲಿ ಸಿಗ್ನಲ್ ಇಲ್ಲದಿದ್ದರೆ ಈ ಉಪಾಯ ನಡೆಯುವುದಿಲ್ಲ.

ಅಂಥ ಕಡೆ ಇನ್ನೊಂದು ದಾರಿ ಇದೆ. ಪಡಿತರ ಚೀಟಿಯಲ್ಲಿ ಹೆಸರಿದ್ದು ಇ-ಕೆವೈಸಿ ಆಗಿರುವ ಯಾರು ಬೇಕಾದರೂ ಬೆರಳು ಒತ್ತಬಹುದು. ಮನೆಯ ಯಜಮಾನಿಯ ಖಾತೆಗೆ ಹಣ ಬರುತ್ತಿದ್ದರೆ ಅವರದನ್ನು ಲಾಕ್ ಮಾಡಿ, ಆಧಾರ್ ಜೋಡಣೆಯಾದ ಬ್ಯಾಂಕ್ ಖಾತೆಯೇ ಇಲ್ಲದ ಮಗನದ್ದೋ ಮಗಳದ್ದೋ ತೆರೆದಿಡಿ. ಅಕ್ಕಿಯೂ ಬರುತ್ತದೆ, ಖಾತೆಯೂ ಭದ್ರ.

ಒಂಟಿಯಾಗಿರುವ ಅಜ್ಜಿ, ಕೈಯಲ್ಲಿ ಫೋನ್ ಇಲ್ಲ, ಅಕ್ಕಿಗೂ ಪಿಂಚಣಿಗೂ ಬೆರಳೇ ಗತಿ ಎಂಬಂಥವರಿಗೆ ಲಾಕ್ ಮಾಡಬೇಡಿ. ಅವರನ್ನು ಉಪವಾಸ ಕೆಡವುವ ಭದ್ರತೆ ಭದ್ರತೆಯಲ್ಲ. ಅವರ ಬ್ಯಾಂಕ್ ಶಾಖೆಗೆ ಹೋಗಿ, ಆ ಖಾತೆಗೆ ಎಇಪಿಎಸ್ ಮೂಲಕ ಹಣ ತೆಗೆಯುವ ಸೌಲಭ್ಯ ನಿಲ್ಲಿಸಲು ಸಾಧ್ಯವೇ ಎಂದು ಕೇಳಿ, ಇದ್ದರೆ ಅರ್ಜಿ ಬರೆದುಕೊಡಿ. ಕೆಲವು ಬ್ಯಾಂಕುಗಳಲ್ಲಿ ಇದಕ್ಕೆ ಅವಕಾಶವಿದೆ. ಆಗ ಅವರು ಶಾಖೆಯಲ್ಲೇ ಚೀಟಿ ಬರೆದು ಹಣ ತೆಗೆಯಬೇಕಾಗುತ್ತದೆ. ಅದು ಕಷ್ಟವೆನಿಸಿದರೆ ತಿಂಗಳಿಗೊಮ್ಮೆ ಪಾಸ್‌ಬುಕ್ ಎಂಟ್ರಿ ಮಾಡಿಸುವ ಕೆಲಸವನ್ನು ಮನೆಯ ಒಬ್ಬರು ವಹಿಸಿಕೊಳ್ಳಲಿ.

ನವೆಂಬರ್‌ನಲ್ಲಿ ಜೀವನ ಪ್ರಮಾಣ ಪತ್ರ ಕೊಡುವ ನಿವೃತ್ತರೂ ನೆನಪಿಡಬೇಕು: ಮುಖ ತೋರಿಸಿ ಮಾಡುವ ದೃಢೀಕರಣಕ್ಕೂ ಇದೇ ಬೀಗ ಅಡ್ಡ ಬರುತ್ತದೆ.

ಬೆರಳು ಹತ್ತದಿರುವುದಕ್ಕೆಲ್ಲ ಲಾಕ್ ಕಾರಣವಲ್ಲ. ಹತ್ತಿ ಬಿಡಿಸುವವರು, ಗದ್ದೆಯಲ್ಲಿ ನಾಟಿ ಮಾಡುವವರು, ಬಳ್ಳಾರಿಯ ಜೀನ್ಸ್ ವಾಷಿಂಗ್ ಘಟಕಗಳಲ್ಲಿ ದುಡಿಯುವವರ ಬೆರಳ ಗೆರೆ ಸವೆದಿರುತ್ತದೆ. ಕೈ ತೊಳೆದು ಒರೆಸಿ, ಬೇರೆ ಬೆರಳು ಇಟ್ಟು ನೋಡಿ. ಯಾವುದೂ ಹತ್ತದಿದ್ದರೆ ಆಧಾರ್ ಕೇಂದ್ರದಲ್ಲಿ ಬಯೋಮೆಟ್ರಿಕ್ ಹೊಸದಾಗಿ ಕೊಡಬೇಕು. ಬೆರಳು ಹತ್ತಲಿಲ್ಲ ಎಂಬ ಒಂದೇ ಕಾರಣಕ್ಕೆ ಅರ್ಹರಿಗೆ ಪಡಿತರ ನಿರಾಕರಿಸಬಾರದು ಎಂದು ಯುಐಡಿಎಐ 2017ರಲ್ಲೇ ಸುತ್ತೋಲೆ ಹೊರಡಿಸಿದೆ.

'ಇನ್ನೊಮ್ಮೆ ಒತ್ತ್ರಿ ಅಕ್ಕಾ'

ಹಣ ಹೋಗುವುದು ನಕಲಿ ಬೆರಳಿನಿಂದಲೇ ಎಂದೇನಿಲ್ಲ. ಅಸಲಿ ಬೆರಳಿನಿಂದ, ಕಣ್ಣೆದುರಿಗೇ ಹೋಗುತ್ತದೆ. 'ಸರ್ವರ್ ಸ್ಲೋ ಐತ್ರಿ ಅಕ್ಕಾ, ಇನ್ನೊಮ್ಮೆ ಒತ್ತ್ರಿ' ಎಂದು ಎರಡು ಸಲ ಒತ್ತಿಸಿ ಒಂದು ಸಲದ ಹಣ ಕೊಡುವುದು ಒಂದು ವಿಧ. ಬ್ಯಾಲೆನ್ಸ್ ನೋಡುತ್ತೇನೆಂದು ಹೇಳಿ ಹಣ ತೆಗೆಯುವುದು ಇನ್ನೊಂದು. ಪರದೆ ಅಂಗಡಿಯವರ ಕಡೆ ತಿರುಗಿರುತ್ತದೆ, ನಿಮಗೆ ಕಾಣುವುದು ಯಂತ್ರದ ಕೆಂಪು ದೀಪ ಮಾತ್ರ. ಹೀಗೆ ಊರಲ್ಲಿ ಹಣ ಕೊಡುವವರನ್ನು ಬ್ಯಾಂಕ್ ಮಿತ್ರರು ಎನ್ನುತ್ತಾರೆ. ಅವರಲ್ಲಿ ಪ್ರಾಮಾಣಿಕರೇ ಹೆಚ್ಚು, ಆದರೆ ಯಾರು ಹೇಗೆಂದು ಮುಖ ನೋಡಿ ತಿಳಿಯುವುದಿಲ್ಲ.

ಇದಕ್ಕೆ ಮದ್ದು ಚೀಟಿ. ಎರಡನೇ ಸಲ ಒತ್ತಲು ಹೇಳಿದಾಗ 'ಮೊದ್ಲಿಂದು ಏನಾತು, ಅದರ ಚೀಟಿ ಕೊಡಪಾ ತಮ್ಮಾ' ಎಂದು ಕೇಳಿ. ವ್ಯವಹಾರ ವಿಫಲವಾದರೂ ಚೀಟಿ ಬರುತ್ತದೆ. ಅದರಲ್ಲಿ ನಾಲ್ಕು ವಿಷಯ ನೋಡಿ: ವ್ಯವಹಾರದ ಬಗೆ ಹಣ ಪಡೆದದ್ದೋ ಬ್ಯಾಲೆನ್ಸ್ ವಿಚಾರಣೆಯೋ, ಮೊತ್ತ ಎಷ್ಟು, ಉಳಿದ ಶಿಲ್ಕು ಎಷ್ಟು, ಮತ್ತು ಆ ವ್ಯವಹಾರದ ಗುರುತಿನ ಸಂಖ್ಯೆಯಾದ 12 ಅಂಕಿಯ ಆರ್‌ಆರ್‌ಎನ್. ಮುಂದೆ ದೂರು ಕೊಡಬೇಕಾದರೆ ಈ ಆರ್‌ಆರ್‌ಎನ್ ಹಿಡಿದೇ ಬ್ಯಾಂಕ್ ಹುಡುಕುತ್ತದೆ. ಚೀಟಿಯ ಥರ್ಮಲ್ ಕಾಗದದ ಮೇಲಿನ ಅಕ್ಷರ ಕೆಲ ವಾರಗಳಲ್ಲಿ ಮಾಸುವುದರಿಂದ ಫೋಟೊ ತೆಗೆದಿಟ್ಟುಕೊಳ್ಳಿ.

ಖಾತೆಯಿಂದ ಹಣ ಕಡಿತವಾಗಿ, ಅಂಗಡಿಯ ಯಂತ್ರಕ್ಕೆ ದೃಢೀಕರಣ ಬಾರದೆ ಹೋದರೆ ಆ ಹಣ 5 ದಿನದೊಳಗೆ ವಾಪಸಾಗಬೇಕು. ತಡವಾದ ಪ್ರತಿ ದಿನಕ್ಕೆ 100 ರೂಪಾಯಿ ಪರಿಹಾರ ಕೊಡಬೇಕೆಂದು ರಿಸರ್ವ್ ಬ್ಯಾಂಕ್ 2019ರಲ್ಲಿ ನಿಯಮ ಮಾಡಿದೆ. ಇದು ಗೊತ್ತಿಲ್ಲದೆ 'ಹೋದದ್ದು ಹೋಯಿತು' ಎಂದು ಸುಮ್ಮನಾಗಬೇಡಿ.

ಆಧಾರ್ ಪ್ರತಿ ಕೊಡುವಾಗ

ಪೂರ್ಣ ಸಂಖ್ಯೆ ಬೇಕಿಲ್ಲದ ಕಡೆ ಮಾಸ್ಕ್ ಮಾಡಿದ ಆಧಾರ್ ಕೊಡಿ. ಮೈಆಧಾರ್‌ನಲ್ಲಿ ಡೌನ್‌ಲೋಡ್ ಮಾಡುವಾಗ ಮಾಸ್ಕ್ ಎಂಬಲ್ಲಿ ಟಿಕ್ ಹಾಕಿದರೆ ಮೊದಲ 8 ಅಂಕಿ ಮರೆಯಾಗಿ ಕೊನೆಯ 4 ಮಾತ್ರ ಕಾಣುತ್ತವೆ. ಫೈಲ್ ತೆರೆಯಲು ಪಾಸ್‌ವರ್ಡ್: ಹೆಸರಿನ ಮೊದಲ 4 ಇಂಗ್ಲಿಷ್ ದೊಡ್ಡಕ್ಷರ, ನಂತರ ಹುಟ್ಟಿದ ಇಸವಿ. ಅಂಗಡಿಯ ಕಂಪ್ಯೂಟರ್‌ನಲ್ಲಿ ಪ್ರಿಂಟ್ ತೆಗೆಸಿದರೆ ಡೌನ್‌ಲೋಡ್ಸ್ ಫೋಲ್ಡರ್‌ನಿಂದಲೂ ರಿಸೈಕಲ್ ಬಿನ್‌ನಿಂದಲೂ ನಿಮ್ಮ ಕಣ್ಣೆದುರೇ ಅಳಿಸಿಸಿ. ಸರಿ ಬಾರದ ಝೆರಾಕ್ಸ್ ಹಾಳೆಯನ್ನೂ ಕೇಳಿ ತೆಗೆದುಕೊಳ್ಳಿ, ಬಿಟ್ಟು ಬಂದರೆ ಅದು ರದ್ದಿಗೆ ಸೇರಿ ಮಿರ್ಚಿ ಕಟ್ಟುವ ಕಾಗದವಾಗುತ್ತದೆ. ಕೊಡುವ ಪ್ರತಿಯ ಮೇಲೆ 'ಗ್ಯಾಸ್ ಸಂಪರ್ಕಕ್ಕೆ ಮಾತ್ರ' ಎಂದು ಅಡ್ಡಲಾಗಿ ಬರೆದು ದಿನಾಂಕ ಹಾಕಿ.

ಫಲಾನುಭವಿಗಳ ಪಟ್ಟಿಯಲ್ಲಿ ಪೂರ್ತಿ ಆಧಾರ್ ಸಂಖ್ಯೆ ಅಚ್ಚಾಗಿ ನೋಟಿಸ್ ಬೋರ್ಡಿಗೆ ಬಂದಿದ್ದರೆ ಪಿಡಿಒಗೆ ಲಿಖಿತವಾಗಿ ತಿಳಿಸಿ ತೆಗೆಸಿ. 2016ರ ಆಧಾರ್ ಕಾಯ್ದೆಯ 29ನೇ ಕಲಂ ಸಂಖ್ಯೆಯನ್ನು ಹೀಗೆ ಬಹಿರಂಗವಾಗಿ ಪ್ರಕಟಿಸುವುದನ್ನು ತಡೆಯುತ್ತದೆ. ಖಾಸಗಿತನ ಮೂಲಭೂತ ಹಕ್ಕೆಂದು ಸುಪ್ರೀಂ ಕೋರ್ಟ್ 2017ರ ಆಗಸ್ಟ್ 24ರಂದು ತೀರ್ಪಿತ್ತಿತು. ಆ ಅರ್ಜಿ ಹಾಕಿದವರು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ. 2023ರ ವೈಯಕ್ತಿಕ ದತ್ತಾಂಶ ರಕ್ಷಣಾ ಕಾಯ್ದೆಯ ನಿಯಮಗಳು 2025ರ ನವೆಂಬರ್‌ನಲ್ಲಿ ಪ್ರಕಟವಾಗಿದ್ದು, ಮುಖ್ಯ ಹೊಣೆಗಳ ಜಾರಿಗೆ 18 ತಿಂಗಳ ಅವಕಾಶವಿದೆ. ಅದು ಜಾರಿಯಾದಾಗ ಒಪ್ಪಿಗೆ ಕೇಳುವ ಸೂಚನೆಯನ್ನು ಕನ್ನಡದಲ್ಲಿ ಓದುವ ಆಯ್ಕೆ ನಿಮಗಿರುತ್ತದೆ.

ಆರು ತಿಂಗಳಿಗೊಮ್ಮೆ ಎರಡು ತಪಾಸಣೆ

ಮೈಆಧಾರ್‌ನ 'ದೃಢೀಕರಣ ಇತಿಹಾಸ'ದಲ್ಲಿ ಹಿಂದಿನ 6 ತಿಂಗಳಲ್ಲಿ ನಿಮ್ಮ ಆಧಾರ್ ಯಾವ ದಿನ, ಎಷ್ಟು ಹೊತ್ತಿಗೆ, ಬೆರಳಿನಿಂದಲೋ ಒಟಿಪಿಯಿಂದಲೋ ಬಳಕೆಯಾಯಿತು ಎಂಬುದಿರುತ್ತದೆ. ನೀವು ಹೊಲದಲ್ಲಿದ್ದ ಹೊತ್ತಿನಲ್ಲಿ ಬೆರಳಿನ ದೃಢೀಕರಣ ಕಂಡರೆ ತಕ್ಷಣ ಪಾಸ್‌ಬುಕ್ ನೋಡಿ. ಎರಡನೆಯದು ದೂರಸಂಪರ್ಕ ಇಲಾಖೆಯ ಸಂಚಾರ ಸಾಥಿ ಪೋರ್ಟಲ್. ನಿಮ್ಮ ಹೆಸರಿನಲ್ಲಿ ಎಷ್ಟು ಸಿಮ್ ಇವೆ ಎಂದು ಅಲ್ಲಿ ಕಾಣುತ್ತದೆ. ನಿಮ್ಮದಲ್ಲದ್ದರ ಮುಂದೆ 'ಇದು ನನ್ನ ನಂಬರ್ ಅಲ್ಲ' ಎಂದು ಆರಿಸಿ ವರದಿ ಮಾಡಿ.

ಹಣ ಹೋಗಿದ್ದರೆ

ಮೊದಲು ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ. ತಡಮಾಡಿದಷ್ಟೂ ಹಣ ಖಾತೆಯಿಂದ ಖಾತೆಗೆ ಹಾರಿ ಕೈಗೆ ಸಿಗದಂತಾಗುತ್ತದೆ. ಅದೇ ದಿನ ಬ್ಯಾಂಕ್ ಶಾಖೆಗೆ ಲಿಖಿತ ದೂರು ಕೊಟ್ಟು, ಇನ್ನೊಂದು ಪ್ರತಿಯ ಮೇಲೆ ದಿನಾಂಕ ಸಹಿತ ಸೀಲ್ ಹಾಕಿಸಿಕೊಳ್ಳಿ. ಈ ಸೀಲಿಗೆ ಬೆಲೆಯಿದೆ. ನಿಮ್ಮ ತಪ್ಪಿಲ್ಲದೆ ಮೂರನೆಯವರಿಂದ ಆದ ವಂಚನೆಯನ್ನು 3 ಕೆಲಸದ ದಿನಗಳೊಳಗೆ ತಿಳಿಸಿದರೆ ಗ್ರಾಹಕರ ಹೊಣೆ ಶೂನ್ಯ ಎನ್ನುತ್ತದೆ ರಿಸರ್ವ್ ಬ್ಯಾಂಕಿನ 2017ರ ಜುಲೈ 6ರ ಸುತ್ತೋಲೆ. 4ರಿಂದ 7 ಕೆಲಸದ ದಿನವಾದರೆ ಸಾಮಾನ್ಯ ಉಳಿತಾಯ ಖಾತೆಗೆ ಗರಿಷ್ಠ 10,000, ಜನಧನ್‌ನಂಥ ಮೂಲ ಉಳಿತಾಯ ಖಾತೆಗೆ 5,000 ರೂಪಾಯಿವರೆಗೆ ಹೊಣೆ ನಿಮ್ಮದಾಗಬಹುದು. ದೂರು ಬಂದ 10 ಕೆಲಸದ ದಿನಗಳಲ್ಲಿ ಬ್ಯಾಂಕ್ ಆ ಮೊತ್ತವನ್ನು ತಾತ್ಕಾಲಿಕವಾಗಿ ಜಮಾ ಮಾಡಬೇಕು, 90 ದಿನದೊಳಗೆ ಇತ್ಯರ್ಥಗೊಳಿಸಬೇಕು.

ಪೊಲೀಸ್ ದೂರನ್ನು ಜಿಲ್ಲಾ ಕೇಂದ್ರದ ಸೆನ್ (ಸೈಬರ್ ಅಪರಾಧ) ಠಾಣೆಯಲ್ಲೇ ಕೊಡಬೇಕೆಂದಿಲ್ಲ, ಹತ್ತಿರದ ಠಾಣೆಯಲ್ಲೂ ಕೊಡಬಹುದು. ಬ್ಯಾಂಕ್ 30 ದಿನದಲ್ಲಿ ಉತ್ತರಿಸದಿದ್ದರೆ ಅಥವಾ ಉತ್ತರ ಸರಿಬಾರದಿದ್ದರೆ ಬ್ಯಾಂಕುಗಳ ಮೇಲಿನ ದೂರು ಕೇಳುವ ರಿಸರ್ವ್ ಬ್ಯಾಂಕಿನ ಓಂಬುಡ್ಸ್‌ಮನ್‌ಗೆ ಹೋಗಿ. ಶುಲ್ಕವಿಲ್ಲ, ವಕೀಲರು ಬೇಕಿಲ್ಲ, ಮಾಹಿತಿಗೆ 14448. ಸೀಲ್ ಹಾಕಿಸಿದ ದೂರಿನ ಪ್ರತಿ, ಪಾಸ್‌ಬುಕ್‌ನ ಆ ಪುಟ, 1930ರಲ್ಲಿ ಕೊಟ್ಟ ದೂರಿನ ಸಂಖ್ಯೆ, ಇದ್ದರೆ ಆರ್‌ಆರ್‌ಎನ್ ಇರುವ ಚೀಟಿ, ಮತ್ತು ದೃಢೀಕರಣ ಇತಿಹಾಸದ ಪ್ರಿಂಟ್ ಇವಿಷ್ಟನ್ನು ಜೊತೆಗೆ ಲಗತ್ತಿಸಿ.