ಪ್ಲಗಿನ್ ಮೇಲಾ, ರ‍್ಯಾಕ್ ಕಂಪ್ರೆಸರ್ ಮೇಲಾ? ಹೋಲಿಸೋ ಮುಂಚೆ ಲೆವೆಲ್ ಸರಿ ಮಾಡ್ಕೊಳ್ಳಿ

ದನಿಯ ಏರಿಳಿತ ಹದ ಮಾಡೋ ಕಂಪ್ರೆಸರ್, ಪ್ಲಗಿನ್ ಅಂದ್ರೆ ಕಂಪ್ಯೂಟರಿನೊಳಗಿನ ಸಾಫ್ಟ್‌ವೇರ್ ಆಗಿಯೂ ಸಿಗುತ್ತೆ, ರ‍್ಯಾಕ್‌ನಲ್ಲಿ ಕೂರೋ ಹಾರ್ಡ್‌ವೇರ್ ಆಗಿಯೂ ಸಿಗುತ್ತೆ. ಹಾರ್ಡ್‌ವೇರ್ ಹಾಕಿದ್ ತಕ್ಷಣ ವಾಯ್ಸ್‌ಗೆ ಜೀವ ಬಂತು ಅನ್ನೋರನ್ನ ಬೇಕಾದಷ್ಟು ನೋಡಿದೀನಿ, ಮೀಟರ್ ನೋಡಿದ್ರೆ ಸೌಂಡ್ ಒಂದೂವರೆ ಡೆಸಿಬೆಲ್ (ಡಿಬಿ) ಏರಿರುತ್ತೆ ಅಷ್ಟೇ. ಸ್ವಲ್ಪ ಜೋರಾಗಿರೋದೇ ಕಿವಿಗೆ ಚೆನ್ನಾಗ್ ಕೇಳೋದು. ಲಕ್ಷಗಟ್ಟಲೆ ಸುರಿಯೋ ಮುಂಚೆ ಸರಿಯಾಗಿ ಹೋಲಿಸಿ.

1967ರಲ್ಲಿ ಬಂದ ಬಿಲ್ ಪಟ್ನಮ್ ಅವರ 1176 ಕಂಪ್ರೆಸರನ್ನೇ ತಗೊಳ್ಳಿ, ಪ್ಲಗಿನ್ ರೂಪದಲ್ಲೂ ಸಿಗುತ್ತೆ. ಒಂದೇ ವಾಯ್ಸ್ ಟ್ರ್ಯಾಕನ್ನ ಎರಡು ಕಾಪಿ ಮಾಡಿ, ಒಂದಕ್ಕೆ ಪ್ಲಗಿನ್, ಇನ್ನೊಂದು ಆಡಿಯೋ ಇಂಟರ್ಫೇಸಿನ (ಕಂಪ್ಯೂಟರಿಗೆ ಸೌಂಡ್ ಒಳಗೆ-ಹೊರಗೆ ಕಳಿಸೋ ಡಬ್ಬ) ಲೈನ್ ಔಟಿಂದ ಹಾರ್ಡ್‌ವೇರ್ ಕಂಪ್ರೆಸರ್‌ಗೆ ಹೋಗಿ ಲೈನ್ ಇನ್‌ಗೆ ವಾಪಸ್. ಮೈಕ್ ಇನ್‌ಪುಟ್‌ಗೆ ಬೇಡ, ಮೈಕ್ ಸಿಗ್ನಲ್ ಏರಿಸೋ ಪ್ರೀಆಂಪಿನ ದನಿಯ ಛಾಯೆನೂ ಸೇರ್ಕೊಳ್ಳುತ್ತೆ. ಹೋಗಿ ಬರೋ ತಡ, ರೀಪರ್ ಅನ್ನೋ ರೆಕಾರ್ಡಿಂಗ್ ಸಾಫ್ಟ್‌ವೇರಲ್ಲಿ ರಿಯಾಇನ್ಸರ್ಟ್ ಪ್ಲಗಿನ್ನಿನ ಪಿಂಗ್ ಬಟನ್ ಒತ್ತಿದ್ರೆ ಸರಿಹೋಗುತ್ತೆ.

ನಾಬ್ ನೋಡ್ಕೊಂಡು ಕಾಪಿ ಹೊಡೀಬೇಡಿ. 1176ರಲ್ಲಿ ಅಟ್ಯಾಕ್ (ಜೋರು ದನಿಯನ್ನ ಎಷ್ಟು ಬೇಗ ಹಿಡಿಯುತ್ತೆ ಅನ್ನೋದು) ಉಲ್ಟಾ, ಬಲಕ್ಕೆ ತಿರುಗಿಸಿದಷ್ಟೂ ಫಾಸ್ಟು, ಇಲ್ಲೇ ಎಷ್ಟೋ ಜನ ಎಡವೋದು. ಹಾಡಿನ ಜೋರಾದ ಸಾಲಲ್ಲಿ ಎರಡೂ ಕಡೆ ಗೇನ್ ರಿಡಕ್ಷನ್, ಅಂದ್ರೆ ಕಂಪ್ರೆಸರ್ ದನಿ ಇಳಿಸೋದು, 5 ಡಿಬಿ ಬರಲಿ, ಪದಗಳ ನಡುವೆ ಮೀಟರಿನ ಮುಳ್ಳು ಒಂದೇ ಥರ ವಾಪಸ್ ಬರೋ ಹಾಗೆ ರಿಲೀಸ್ (ಹಿಡಿತ ಬಿಡೋ ವೇಗ) ಇಡಿ.

ಈಗ ಲೆವೆಲ್, ಅವಸರ ಮಾಡ್ಬೇಡಿ. ಪೀಕ್ (ದನಿಯ ತುತ್ತತುದಿ) ನೋಡಿ ಸಮ ಮಾಡಿದ್ರೆ ಮೋಸ, ಯಾವುದು ಪೀಕನ್ನ ಜಾಸ್ತಿ ಅದುಮುತ್ತೋ ಅದು ಜೋರಾಗಿ ಕೇಳುತ್ತೆ. ಒಂದು ಪಲ್ಲವಿ ಲೂಪ್ ಮಾಡಿ ಯೂಲೀನ್ ಮೀಟರಿನ ಫ್ರೀ ವರ್ಷನ್‌ನಲ್ಲಿ ಇಂಟಿಗ್ರೇಟೆಡ್ ಎಲ್‌ಯುಎಫ್‌ಎಸ್ (ಇಡೀ ತುಂಡು ಕಿವಿಗೆ ಸರಾಸರಿ ಎಷ್ಟು ಜೋರು ಅನ್ನೋ ಅಳತೆ) ಅಳೀರಿ, ಎರಡಕ್ಕೂ ಅದೇ ತುಂಡು, ಪ್ರತಿ ಸಲ ಮೀಟರ್ ರೀಸೆಟ್. ವ್ಯತ್ಯಾಸ 0.1 ಡಿಬಿ ಒಳಗೆ ಬರೋವರೆಗೂ ಟ್ರ್ಯಾಕ್ ಫೇಡರ್ ಮಾತ್ರ ಅಲ್ಲಾಡಿಸಿ, ಕಂಪ್ರೆಸರಿನ ಔಟ್‌ಪುಟ್ ನಾಬ್ ಮುಟ್ಟಬೇಡಿ. ಅಟ್ಯಾಕ್ ಒಂಚೂರು ಬದಲಾಯ್ಸಿದ್ರೂ ಮತ್ತೆ ಅಳೀಲೇಬೇಕು. ಲೆವೆಲನ್ನ ತಾನೇ ಸರಿಮಾಡೋ ಆಟೋ ಗೇನ್ ಇರೋ ಪ್ಲಗಿನ್ ಆದ್ರೆ ಮೊದಲು ಅದನ್ನ ಆಫ್ ಮಾಡಿ.

ಆಮೇಲೆ ಸ್ಕ್ರೀನ್‌ಗೆ ಬೆನ್ನು ಹಾಕಿ ಕೂತು, ಬೇರೆಯವರ ಕೈಲಿ ಸ್ವಿಚ್ ಮಾಡಿಸಿ, ವಾಯ್ಸ್ ಒಂದನ್ನೇ ಹಾಕಿ ಅಲ್ಲ, ಪೂರ್ತಿ ಮಿಕ್ಸ್‌ನಲ್ಲಿ.

ಪ್ಲಗಿನ್ ಓಡಿಸೋಕೆ ಅಂತಲೇ ಇರೋ ಡಿಎಸ್‌ಪಿ ಕಾರ್ಡ್ ತಗೊಂಡ್ರೆ ಹಾರ್ಡ್‌ವೇರ್ ಸೌಂಡ್ ಬರುತ್ತಾ ಅಂತ ಕೇಳ್ತಾರೆ, ಅದರೊಳಗೆ ಓಡೋದೂ ಸಾಫ್ಟ್‌ವೇರೇ, ಕಂಪ್ಯೂಟರಿನ ಹೊರೆ ಇಳಿಯುತ್ತೆ, ರೆಕಾರ್ಡಿಂಗ್‌ನಲ್ಲಿ ತಡ ಕಮ್ಮಿ. ಇಂಥ ಕಾರ್ಡ್ ಮಾಡೋ ಯೂನಿವರ್ಸಲ್ ಆಡಿಯೋದವರೇ 2022ರಿಂದ ಕಾರ್ಡ್ ಇಲ್ದೆ ಓಡೋ ಪ್ಲಗಿನ್ ಕೊಡ್ತಿದಾರೆ. ನನ್ನ ಕೇಳಿದ್ರೆ ಹಾಡಿಸುವಾಗ ಹಾರ್ಡ್‌ವೇರ್, ಮಿಕ್ಸ್‌ಗೆ ಪ್ಲಗಿನ್. ಪ್ರೊಡ್ಯೂಸರ್ ತಿಂಗಳು ಬಿಟ್ಟು ಬಂದು ವಾಯ್ಸ್ ಒಂಚೂರು ಏರ್ಸಿ ಅಂದಾಗ ಪ್ಲಗಿನ್ ಆದ್ರೆ ಪ್ರಾಜೆಕ್ಟ್ ಓಪನ್ ಮಾಡಿದ್ರೆ ಸಾಕು, ರ‍್ಯಾಕ್ ಆದ್ರೆ ಪ್ರತಿ ನಾಬಿನ ಫೋಟೋ ಹುಡುಕಿ ಮತ್ತೆ ಸೆಟ್ ಮಾಡ್ಬೇಕು.