ಹಳೆಯ ಬಟ್ಟೆಗೆ ಕಟ್ಟು ಹಾಕಿಸುವ ಮುನ್ನ

ಹಿರಿಯರು ಹಾಕಿದ ಕಸೂತಿಯನ್ನೋ ಮಗು ತೊಟ್ಟ ಮೊದಲ ಅಂಗಿಯನ್ನೋ ಗೋಡೆಯ ಮೇಲೆ ನೋಡುವ ಆಸೆ ಸಹಜವಾದುದು. ಆದರೆ ಫೋಟೋಗೆ ಕಟ್ಟು ಹಾಕಿಸಿದ ರೀತಿಯಲ್ಲೇ ಬಟ್ಟೆಗೂ ಹಾಕಿಸಿದರೆ ಅದು ಹೆಚ್ಚು ಕಾಲ ಬಾಳುವುದಿಲ್ಲ. ನನ್ನ ತಾಯಿ ಹೂಬಳ್ಳಿ ಹೆಣೆದಿದ್ದ ಕರವಸ್ತ್ರವೊಂದನ್ನು ನಾನು ಎಳೆ ವಯಸ್ಸಿನಲ್ಲಿ ರಟ್ಟಿಗೆ ಗೋಂದಿನಿಂದ ಅಂಟಿಸಿ ಗಾಜು ಹಾಕಿಸಿದ್ದೆ. ಕೆಲವು ವರ್ಷಗಳ ನಂತರ ಬಿಚ್ಚಿದಾಗ ಗೋಂದು ತಾಗಿದ ಕಡೆಯೆಲ್ಲ ಕಂದುಗಟ್ಟಿ, ಒಣಗಿದ ಎಲೆಯಂತೆ ಗಡುಸಾಗಿತ್ತು. ಬಿಡಿಸುವಾಗ ಒಂದು ಮೂಲೆ ರಟ್ಟಿನಲ್ಲೇ ಉಳಿಯಿತು. ಇಂದು ಮಾಡಿದ್ದನ್ನು ನಾಳೆ ಎಳೆಯೂ ನೋಯದಂತೆ ಬಿಚ್ಚಲು ಬರಬೇಕು ಎಂಬ ನಿಯಮವನ್ನು ನಾನು ಅಂದಿನಿಂದ ಬಿಟ್ಟಿಲ್ಲ. ಆದ್ದರಿಂದ ಅಂಟು, ಟೇಪು, ಸ್ಟೇಪ್ಲರ್ ಪಿನ್ನು, ಇಸ್ತ್ರಿಯ ಕಾವಿಗೆ ಅಂಟುವ ಹಾಳೆ, ಇವು ಯಾವುವೂ ಬೇಡ.

ಒಗೆಯಲು ಅವಸರಪಡಬೇಡಿ. ಹಳೆಯ ಬಣ್ಣ ಬಿಡಬಹುದು. ರೇಷ್ಮೆಯಂತೂ ಒದ್ದೆಯಾದಾಗ ಇನ್ನಷ್ಟು ಬಲ ಕಳೆದುಕೊಳ್ಳುತ್ತದೆ. ಬಟ್ಟೆ ಗಟ್ಟಿಯಾಗಿದ್ದರೆ ಮೇಲೆ ತೆಳು ಬಲೆಯನ್ನು ಹರಡಿ, ವ್ಯಾಕ್ಯೂಮ್ ಕ್ಲೀನರನ್ನು ಅತಿ ಕಡಿಮೆ ಸೆಳೆತಕ್ಕಿಟ್ಟು, ಉಜ್ಜದೆ ಎತ್ತೆತ್ತಿ ಇಟ್ಟು ಧೂಳು ತೆಗೆದರೆ ಸಾಕು.

ಮುಖ್ಯವಾದ ಕೆಲಸವೆಂದರೆ ಬಟ್ಟೆಗೊಂದು ಆಸರೆ ಮಾಡುವುದು. ಆಮ್ಲರಹಿತ ರಟ್ಟಿನ ಮೇಲೆ ತೆಳುವಾದ ಮೆತ್ತೆ ಹಾಸಿ, ಅದರ ಮೇಲೆ ಗಂಜಿ ಹೋಗುವಂತೆ ಚೆನ್ನಾಗಿ ಒಗೆದ, ಬಣ್ಣ ಹಾಕದ ಹತ್ತಿಬಟ್ಟೆಯನ್ನು ಬಿಗಿಯಾಗಿ ಎಳೆದು ಹಿಂಬದಿಯಲ್ಲಿ ದಾರದಿಂದ ಬಿಗಿಯಿರಿ. ಹಳೆಯ ಬಟ್ಟೆಯ ಹಾಸುಹೊಕ್ಕು ನೇರವಾಗಿರುವಂತೆ ಅದನ್ನು ಈ ಹಾಸಿನ ಮೇಲೆ ಮಲಗಿಸಿ, ಅತಿ ಸಣ್ಣ ಸೂಜಿ ಹಾಗೂ ನವಿರಾದ ದಾರದಿಂದ ನಡುವಿನಿಂದ ಅಂಚಿನ ಕಡೆಗೆ ಹೊಲಿಯುತ್ತ ಬನ್ನಿ. ಸೂಜಿ ಎಳೆಯನ್ನು ಚುಚ್ಚಬಾರದು, ಎರಡು ಎಳೆಗಳ ನಡುವಿನ ಸಂದಿನಲ್ಲೇ ಇಳಿಯಬೇಕು. ದಾರ ಎಳೆದಾಗ ಬಟ್ಟೆಯಲ್ಲಿ ಸಣ್ಣ ಗುಳಿ ಕಂಡರೆ ಹೊಲಿಗೆ ಬಿಗಿಯಾಯಿತೆಂದೇ ಅರ್ಥ, ಅದನ್ನು ಅಲ್ಲೇ ಸಡಿಲಿಸಿ. ಹರಿದ ಕಡೆ ಉದ್ದನೆಯ ದಾರವನ್ನು ಹಾಯಿಸಿ, ಅದರ ಮೇಲೆ ಅಡ್ಡಡ್ಡಲಾಗಿ ಪುಟ್ಟ ಹೊಲಿಗೆ ಹಾಕಿದರೆ ಹರಿದ ಎಳೆಗಳು ಜಾರುವುದಿಲ್ಲ. ಒಂದು ಎಚ್ಚರಿಕೆಯಿದೆ: 19ನೇ ಶತಮಾನದ ಉತ್ತರಾರ್ಧದಲ್ಲಿ ತೂಕ ಬರಲೆಂದು ಅನೇಕ ರೇಷ್ಮೆಗಳಿಗೆ ತವರದ ಲವಣ ಹಾಕುತ್ತಿದ್ದರು. ಅಂಥವು ತಾನಾಗಿ ಸೀಳುತ್ತವೆ, ಮುಟ್ಟಿದರೆ ಪುಡಿಯಾಗುತ್ತವೆ. ಅವಕ್ಕೆ ಸೂಜಿ ತಾಗಿಸದೆ, ವಸ್ತ್ರ ಸಂರಕ್ಷಣೆ ಬಲ್ಲವರ ಕೈಗೆ ಒಪ್ಪಿಸಿ.

ಗಾಜು ಬಟ್ಟೆಗೆ ತಾಗಬಾರದು. ತಾಗಿದರೆ ಗಾಜಿನ ಒಳಮೈಯಲ್ಲಿ ಕೂಡುವ ತೇವ ಬಟ್ಟೆಗಿಳಿದು ಬೂಷ್ಟು ಹಿಡಿಯುತ್ತದೆ. ಅದಕ್ಕಾಗಿ ಅಂಚಿನಲ್ಲಿ ಸುಮಾರು 6 ಮಿಲಿಮೀಟರ್ ದಪ್ಪದ ಪಟ್ಟಿ ಕೊಡಿಸಿ. ಅಕ್ರಿಲಿಕ್ ಹಾಳೆ ಹಗುರ, ಒಡೆಯುವುದೂ ಕಡಿಮೆ, ಆದರೆ ಅದರ ಸ್ಥಿರ ವಿದ್ಯುತ್ತು ಸಡಿಲ ಎಳೆಗಳನ್ನು ತನ್ನತ್ತ ಸೆಳೆಯುವುದರಿಂದ ಜೀರ್ಣವಾದ ಬಟ್ಟೆಗೆ ಗಾಜೇ ವಾಸಿ.

ಬೆಳಕಿನಿಂದಾದ ಹಾನಿ ಕೂಡುತ್ತ ಹೋಗುತ್ತದೆ, ಮರಳಿ ಸರಿಹೋಗುವುದಿಲ್ಲ. ವಸ್ತುಸಂಗ್ರಹಾಲಯಗಳು ಬಟ್ಟೆಗಳಿಗೆ ಸಾಮಾನ್ಯವಾಗಿ 50 ಲಕ್ಸ್ (ಮೇಲ್ಮೈ ಮೇಲೆ ಬೀಳುವ ಬೆಳಕನ್ನು ಅಳೆಯುವ ಮಾನ) ಮಾತ್ರ ಬೆಳಕು ಕೊಡುತ್ತವೆ. ನೇರಳಾತೀತ ಕಿರಣ ತಡೆಯುವ ಗಾಜಿದ್ದರೂ ಕಣ್ಣಿಗೆ ಕಾಣುವ ಬೆಳಕು ಬಣ್ಣವನ್ನು ಮಾಸಿಸುತ್ತಲೇ ಇರುತ್ತದೆ. ಆದ್ದರಿಂದ ಕಿಟಕಿಯ ಎದುರು, ಒಲೆಯ ಹತ್ತಿರ, ತೇವ ಹಿಡಿಯುವ ಹೊರಗೋಡೆಯ ಮೇಲೆ ತೂಗುಹಾಕಬೇಡಿ. ಮೂರು ನಾಲ್ಕು ತಿಂಗಳಿಗೊಮ್ಮೆ ನಾನು ಕಟ್ಟನ್ನು ಕೆಳಗಿಳಿಸಿ, ಗಾಜಿನ ಒಳಗೆ ಮಂಜು, ಅಂಚಿನಲ್ಲಿ ಹುಳದ ಪುಡಿ, ಜೋತ ಹೊಲಿಗೆ ಏನಾದರೂ ಇದೆಯೇ ಎಂದು ನೋಡಿ, ಕತ್ತಲೆಯ ಬೀರುವಿನಲ್ಲಿ ಅಂಗಾತ ಮಲಗಿಸಿ, ಅದರ ಜಾಗಕ್ಕೆ ಇನ್ನೊಂದನ್ನು ಏರಿಸುತ್ತೇನೆ.