ಆರ್‌ವಿ ಮೇಲೆ ಹೊಸ ಎಸಿ ಏರಿಸಲು ಏಣಿಯನ್ನೇ ಇಳಿಜಾರು ಮಾಡಿ

ಅಮೆರಿಕದಲ್ಲಿ ಆರ್‌ವಿ (ಮನೆಯಂತೆ ವಾಸಿಸಬಹುದಾದ ಪ್ರವಾಸದ ಗಾಡಿ) ಇಟ್ಟುಕೊಂಡು ಅದರ ಚಾವಣಿಯ ಎಸಿಯನ್ನು ತಾವೇ ಬದಲಾಯಿಸುವವರಿಗೆ: ಹೊಸ ಎಸಿಯನ್ನು ಹೆಗಲ ಮೇಲೆ ಹೊತ್ತು ಏಣಿ ಹತ್ತಬೇಡಿ. ಎಳೆದು ಉದ್ದ ಮಾಡಬಹುದಾದ ಎಕ್ಸ್‌ಟೆನ್ಷನ್ ಏಣಿಯನ್ನು ಗಾಡಿಗೆ ಓರೆಯಾಗಿ ಒರಗಿಸಿ, ಮೇಲೆ ಕೆಳಗೆ ಎರಡೂ ಕಡೆ ಜಾರದಂತೆ ಕಟ್ಟಿ, ಎಸಿಯನ್ನು ರಟ್ಟಿನ ಪೆಟ್ಟಿಗೆಯ ಸಮೇತ ಹಗ್ಗದಿಂದ ಅದರ ಮೇಲೆ ಎಳೆದುಕೊಳ್ಳಿ. ಇವು ಸಾಮಾನ್ಯವಾಗಿ 35ರಿಂದ 45 ಕೆಜಿ ತೂಗುತ್ತವೆ. ಓರೆಯಲ್ಲಿ ಭಾರದ ಒಂದು ಪಾಲನ್ನು ಏಣಿಯೇ ಹೊರುತ್ತದೆ, ಮೇಲೆ ನಿಂತ ಇಬ್ಬರು ನಿಧಾನವಾಗಿ ಎಳೆದರೆ ಸಾಕು. ಪೆಟ್ಟಿಗೆಯ ಕೆಳಗೆ ಮಾತ್ರ ಯಾರೂ ನಿಲ್ಲಬಾರದು. ಪೆಟ್ಟಿಗೆ ಬಿಚ್ಚುವ ಆತುರ ಬೇಡ. ಎಸಿಯ ತಳದಲ್ಲಿರುವ ಫೋಮ್ ಗ್ಯಾಸ್ಕೆಟ್ಟೇ (ಮೆತ್ತನೆಯ ಪಟ್ಟಿ) ಚಾವಣಿಯ 14 ಇಂಚಿನ ಚೌಕದ ಕಿಂಡಿಯೊಳಗೆ ಮಳೆನೀರು ಇಳಿಯದಂತೆ ತಡೆಯುವುದು, ಅದು ಹರಿದರೆ ಸೋರಿಕೆ ಖಂಡಿತ. ರಬ್ಬರ್ ಹೊದಿಕೆಯ ಚಾವಣಿಯಾದರೆ ಪ್ಲೈವುಡ್ ಹಾಸಿ, ಕೊನೆಗೆ ಎತ್ತಿ ಕೂರಿಸಿ, ಎಳೆಯಬೇಡಿ. ಗಾಡಿಯ ಹಿಂದೆಯೇ ಜೋಡಿಸಿರುವ ಏಣಿ ಈ ಕೆಲಸಕ್ಕಲ್ಲ, ಅದು ಹೆಚ್ಚುಕಡಿಮೆ ನೆಟ್ಟಗಿರುತ್ತದೆ. ಗಾಳಿ ಇದ್ದಾಗ, ಚಾವಣಿ ಒದ್ದೆಯಿದ್ದಾಗ, ಒಬ್ಬರೇ ಇದ್ದಾಗ ಈ ಉಪಾಯ ನಡೆಯುವುದಿಲ್ಲ. ಎತ್ತರದ ಫಿಫ್ತ್ ವೀಲ್‌ಗೆ (ಪಿಕಪ್ ಟ್ರಕ್ಕಿನ ಹಿಂಭಾಗಕ್ಕೆ ಜೋಡಿಸಿ ಎಳೆಯುವ ದೊಡ್ಡ ಆರ್‌ವಿ) ಏಣಿ ಗಿಡ್ಡವಾಗಿ ತೀರಾ ಕಡಿದಾದರೂ ಅಷ್ಟೇ. ಆಗ ಫೋರ್ಕ್‌ಲಿಫ್ಟ್ ಇರುವವರ ಸಹಾಯ ಕೇಳುವುದೇ ಒಳ್ಳೆಯದು, ಬೆನ್ನು ಮುಖ್ಯ ಅಲ್ವಾ? ಇನ್ನೊಂದು, ಎಸಿ ವಾಲಿಕೊಂಡು ಮೇಲೆ ಬಂದಿರುತ್ತದೆ. ಕಂಪ್ರೆಸರ್ ಎಣ್ಣೆ ಮತ್ತೆ ತಳಕ್ಕೆ ಇಳಿಯಲು ಸ್ವಲ್ಪ ಹೊತ್ತು ಸುಮ್ನೆ ಬಿಟ್ಟು, ಆಮೇಲೆ ಚಾಲು ಮಾಡಿ.